ಬಾಯಿಪಾಠದ ಪ್ರವಾಹ

ಕೊಳ್ಳೇಗಾಲ
೯ ಫೆಬ್ರವರಿ ೨೦೨೫

ಪ್ರೀತಿಯ ಮಾದೇವಿಗೆ,

ಹೊನ್ನೂರಿನಲ್ಲಿ ನೀನೂ ನಿನ್ನ ತಂಗಿ ರಾಣಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ನಾನು ಅಬ್ಬರಿಸುತ್ತೇನೆ, ನೀನು ‘ಹೂಂ’ ಅನ್ನುತ್ತೀ, ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಹೊಳೆ ನಮ್ಮ ಮನೆಗೆ ನುಗ್ಗಿದ ಮೇಲೆ ಅಲ್ಲಿಗೆ ಹೋದವಳು ವಾಪಸು ಯಾವಾಗ ಬರುತ್ತೀ ಎಂದು ಕೇಳಲೆಂದೇ ಬರೆಯಲು ಕೂತೆ.

ಮೊದಲು ಶಾಲೆಯ ಸುದ್ದಿ. ಏಳನೇ ತರಗತಿಯಲ್ಲಿ ಓದಲು ಬಾರದ ಮಕ್ಕಳಿಗೆ ಪ್ರವಾಹ, ಭೂಕಂಪಗಳಲ್ಲಿ ಬದುಕುಳಿದವರ ಕಥೆಗಳಿಂದ ಅಕ್ಷರ ಕಲಿಸುತ್ತಿದ್ದೇನಲ್ಲ? ಆಹಾ, ನೀನು ನೋಡಬೇಕಿತ್ತು! ಮೇಜು ಬಡಿದು “ಇಗೋ ಬಂದಳು ಕಾವೇರಿ!” ಎಂದು ಗರ್ಜಿಸಿದರೆ ಪಕ್ಕದ ತರಗತಿಯವರೂ ಕಿಟಕಿಗೆ ಬರುತ್ತಿದ್ದರು. ಹಿಂದೆ ಊರ ನಾಟಕದಲ್ಲಿ ಮೇಷ್ಟ್ರು ನಮಗೆ ಪಾತ್ರ ಕಲಿಸುತ್ತಿದ್ದ ಹಾಗೆಯೇ: ನಾನು ಹೇಳುವುದು, ಅವರು ಹೇಳುವುದು. ಕೆಲವೇ ವಾರಗಳಲ್ಲಿ ಎಲ್ಲರೂ ಪುಟದ ಮೇಲೆ ಬೆರಳಾಡಿಸುತ್ತ ಸರಾಗವಾಗಿ ಓದಿದರು. ಗೆದ್ದೆನೆಂದುಕೊಂಡೆ.

ತಪಾಸಣೆಗೆ ಬಂದ ಶಾಂತಮೂರ್ತಿ ಸಾಹೇಬರು, ಓದುತ್ತಿದ್ದ ಇಂಚರ ಎಂಬ ಹುಡುಗಿಯ ಪುಸ್ತಕವನ್ನು ಮೆಲ್ಲಗೆ ತಲೆಕೆಳಗು ಮಾಡಿದರು. ಅವಳು ನಿಲ್ಲಿಸಲೇ ಇಲ್ಲ! ನನ್ನ ಕೆಮ್ಮಿನ ಸಮೇತ ಒಪ್ಪಿಸಿಬಿಟ್ಟಳು.

“ಏನ್ರೀ ಷಡಕ್ಷರಿ, ಓದು ಕಲಿಸಿದ್ದೀರೋ, ನಾಟಕ ಕಟ್ಟಿದ್ದೀರೋ?” ಎಂದರು ಸಾಹೇಬರು.

ಮರುದಿನ ಬಾಯಿ ಮುಚ್ಚಿದೆ. ನಿಮ್ಮ ಮನೆಗೆ ನೀರು ಬಂದ ಕಥೆ ನೀವೇ ಹೇಳಿ, ಅಂದಂತೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ ಎಂದೆ. ಇಂಚರ ಎದ್ದಳು:

“ಅಜ್ಜಿ ಮ್ಯಾಕೆ ಬುಟ್ಟು ಬರಾಕಿಲ್ಲ ಅಂದ್ಲು ಸಾ. ಅಪ್ಪ ಅಜ್ಜೀನೂ ಮ್ಯಾಕೇನೂ ಒಂದೇ ತೆಪ್ಪಕ್ಕಾಕ್ದ. ಮ್ಯಾಕೆ ಸುಮ್ಕಿತ್ತು, ಅಜ್ಜಿನೇ ಅರಚ್ಕಂಡ್ಲು!”

ತರಗತಿ ಬಿದ್ದು ಬಿದ್ದು ನಕ್ಕಿತು. ಬೋರ್ಡಿನ ಮೇಲೆ ಬರೆದ ಅದೇ ಸಾಲುಗಳನ್ನು ಅವಳು ತಡವರಿಸುತ್ತ, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಉಳಿದವರೂ ಹಾಗೆಯೇ ಕಲಿಯುತ್ತಿದ್ದಾರೆ. ಸಂತೋಷವೇ. ಆದರೆ ನನ್ನ ದನಿ ಅಲ್ಲಿ ಯಾರಿಗೂ ಬೇಕಾಗಿಲ್ಲ. ಸಂಜೆ ಮನೆಗೆ ಬಂದರೆ ಇಲ್ಲಿಯೂ ಕೇಳುವವರಿಲ್ಲ. ಒಬ್ಬನೇ ಅನ್ನ ಬೇಯಿಸಿಕೊಂಡು, ರೇಡಿಯೋಗೆ ಉತ್ತರ ಕೊಡುತ್ತ ಉಣ್ಣುತ್ತೇನೆ.

ರಾಣಿಯ ಮಕ್ಕಳನ್ನು ಮಲೆಯ ಮಾದಪ್ಪ ಸ್ವಾಮಿ ಚೆನ್ನಾಗಿಟ್ಟಿರಲಿ. ನಿನ್ನ ಮಂಡಿನೋವು ಇಳಿಯಲಿ.

ನಿನ್ನ ಯಜಮಾನ,
ಷಡಕ್ಷರಿ

ಮತ್ತೊಂದು ಮಾತು: ನಿನ್ನೆ ಇಂಚರ, “ಸಾ, ನಿಮ್ಮನೆಗೂ ನೀರು ನುಗ್ಗಿತ್ತಲ್ವಾ? ಅಮ್ಮಾರು ಏನಂದ್ರು?” ಎಂದು ಕೇಳಿದಳು. ಬೋರ್ಡಿನ ಮೇಲೆ ನಿನ್ನ ಹೆಸರು ಬರೆದೆ; ಅದರ ಮುಂದೆ ಬರೆಯಲು ನಿನ್ನ ಒಂದು ಮಾತೂ ನನಗೆ ಗೊತ್ತಿರಲಿಲ್ಲ. ಆ ದಿನದ ಕಥೆಯನ್ನು ಊರಿಗೆಲ್ಲ ಸಾರಿದವನು ನಾನು. ನೀನು ಬಾಯಿ ತೆರೆದಾಗಲೆಲ್ಲ ನನ್ನ ಮಾತೇ ಮುಂದೆ ಬಂತು. ಯಾವಾಗ ಬರುತ್ತೀ ಎಂದು ಈಗ ಕೇಳುವುದಿಲ್ಲ. ಆ ದಿನ ಏನಾಯಿತೆಂದು ನೀನೇ ಬರೆ, ಮಾದೇವಿ. ನಾನು ಗಟ್ಟಿಯಾಗಿ ಓದುವುದಿಲ್ಲ.