ಈ ಸಾಲಿನಲ್ಲಿ ಅವನಿಲ್ಲ

೬ ಮಾರ್ಚ್ ೧೯೬೨, ಮಂಗಳವಾರ

ಏಳನೇ ಇಯತ್ತೆಯ ಗಣಿತದ ಪೇಪರ್ ಅರ್ಧ ತಿದ್ದಿ ಮುಗಿದವು. ಕೆಂಪು ಶಾಯಿ ತೀರಿತು. ಇವರು ಮೇಲ್ ಗಾಡಿಯ ಡ್ಯೂಟಿಗೆ ಹೋದರು. ಹೋಗುವಾಗ ಮತ್ತೆ ಅದೇ ಮಾತು — "ಸಾವಂತ್ರಿ, ಮಧ್ಯಾಹ್ನ ಅಗಳಿ ಹಾಕ್ಕೊಂಡ ಕೂಡು."

ಹುಬ್ಬಳ್ಳಿಯಲ್ಲಿ ಈವರೆಗೆ ಮೂರು ಕೊಲೆಗಳಾಗಿವೆ. ಮೂವರೂ ಹೆಂಗಸರು. ನಡುಹಗಲು ಮನೆಯಲ್ಲಿ ಒಬ್ಬರೇ ಇದ್ದವರು. ಕುತ್ತಿಗೆ ಹಿಸುಕಿ, ಮೈಮೇಲಿನ ಬಂಗಾರ ಬಿಚ್ಚಿಕೊಂಡು ಹೋಗಿದ್ದಾನೆ. ಯಾವ ಬಾಗಿಲೂ ಒಡೆದಿಲ್ಲ. ಅವರೇ ತೆಗೆದಿದ್ದಾರೆ...

೧೫ ಮಾರ್ಚ್, ಮಧ್ಯಾಹ್ನ

ಒಂದು ಸಣ್ಣ ಸಂತೋಷ. ಬರೆದಿಡಬೇಕು.

ಬೆಳಗಿನ ಸಾಲೆ ಮುಗಿಸಿ ಬಂದು, ಹೊಸ್ತಿಲಲ್ಲಿ ಕುಳಿತು ಗೋಧಿ ಹಸನು ಮಾಡುತ್ತಿದ್ದೆ. ಯಾರೋ ನಿಂತರು. ಕೋಟು, ಶುಭ್ರ ಧೋತರ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. "ಅಕ್ಕಾರ, ಒಂದ ತಂಬಗಿ ನೀರ ಕೊಡ್ತೀರೇನ್ರಿ?" ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿ, "ಈ ಓಣ್ಯಾಗ ನಮ್ಮ ಮನಿ ನೀರ ಯಾರೂ ಮುಟ್ಟೂದಿಲ್ರಿ. ಮೊದಲ ಹೇಳತೇನಿ" ಎಂದೆ.

"ನೀರಿಗೆಲ್ಲಿ ಜಾತಿರಿ?" ನಕ್ಕ. ತಂಬಿಗೆ ಖಾಲಿ ಮಾಡಿ, ಕೈಮುಗಿದು ಹೋದ. ಈ ಮನೆಗೆ ಬಂದು ಆರು ವರ್ಷ. ಅವನೇ ಮೊದಲಿಗ.

ಅದೇ ದಿನ, ಸಂಜೆ

ಮುದಕವ್ವ ಹೋದಳು. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಮಗ ಶಿದ್ದಪ್ಪ ಗಿರಣಿಯಿಂದ ಬಂದು ನೋಡಿದರೆ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ. ಕೊರಳ ಗುಂಡಿನ ಸರ ಇಲ್ಲ, ಕೈಯ ಬಿಲ್ವಾರ ಇಲ್ಲ. ಪಕ್ಕದಲ್ಲಿ ನೀರು ಕುಡಿದ ತಂಬಿಗೆ.

ಅವನೇ. ಮಧ್ಯಾಹ್ನ ನಮ್ಮ ಹೊಸ್ತಿಲಲ್ಲಿ ನಿಂತವನು.

೧೬ ಮಾರ್ಚ್

ಠಾಣೆಗೆ ನಾನಾಗಿಯೇ ಹೋದೆ. ಫೌಜದಾರ ಮಹಾಂತಯ್ಯನವರು ಬರೆಸಿಕೊಂಡರು. ಕಿವಿಯ ವಿಷಯ ಎರಡು ಸಲ ಹೇಳಿದೆ. "ಕಿವಿ ಆಮ್ಯಾಲೆ. ಎತ್ತರ ಹೇಳ್ರಿ" ಎಂದರು.

೨೧ ಮಾರ್ಚ್, ಬುಧವಾರ

ಹಿಡಿದರಂತೆ. ಯಾರನ್ನು — ಶಾಬುದ್ದೀನನನ್ನು! ನಮ್ಮೆಲ್ಲರ ಪಾತ್ರೆಗೆ ಕಲಾಯಿ ಹಾಕುವವನು. ಆ ದಿನ ಬೆಳಿಗ್ಗೆ ಓಣಿಗೆ ಬಂದಿದ್ದ, ನಿಜ. ಆದರೆ ಅವನ ಎರಡೂ ಕಿವಿ ನೆಟ್ಟಗಿವೆ.

ಸಂಜೆ ಮೂಲೆಮನೆಯ ಮುರಿಗೆವ್ವ ಬಂದರು. ಹತ್ತಿ ವ್ಯಾಪಾರಿಯ ಹೆಂಡತಿ. ನನ್ನ ಸೆರಗು ತಾಗಿದರೆ ಕೊಡದ ನೀರು ಚೆಲ್ಲುತ್ತಿದ್ದವರು. ಒಳಗೇ ಬಂದು ಕೂತರು. "ಚಾ ಮಾಡ್ರಿ ಅಕ್ಕೋರ" ಎಂದರು. ಮಾಡಿದೆ. ಕುಡಿದರು!

"ಶನಿವಾರ ನಿಮ್ಮನ್ನ ಗುರುತ ಹಿಡ್ಯಾಕ ಕರೀತಾರಂತ. ಅವನ ಅಂತ ಹೇಳಿಬಿಡ್ರಿ. ಓಣಿ ಮಂದಿ ನೆಮ್ಮದಿಲೆ ಮಲಗತೇವಿ."

"ಅವ ಅಲ್ರಿ, ಅವ್ವಾರ."

"ನೀವು ಈಗ ನಮ್ಮಾವ್ರ ಅದೀರಿ. ವಿಚಾರ ಮಾಡ್ರಿ."

೨೩ ಮಾರ್ಚ್

ಇವರು ಬಂದರು. ಎಲ್ಲ ಹೇಳಿದೆ. "ಓಣ್ಯಾಗ ಬಾಳೇ ಮಾಡಾವ್ರು ನಾವು" ಎಂದರು. ನಂತರ — "ನಿನ್ನ ಕಣ್ಣ ಏನ ನೋಡೇತಿ, ಅದನ್ನ ಹೇಳು."

ಮುರಿಗೆವ್ವ ಉಂಡಿ ಕಳಿಸಿದ್ದಾರೆ. ತಿಂದೆ. ರುಚಿಯಾಗಿದ್ದವು. ಅದನ್ನೂ ಬರೆಯುತ್ತೇನೆ.

೨೪ ಮಾರ್ಚ್, ಶನಿವಾರ

ಎಂಟು ಮಂದಿಯ ಸಾಲು. ಏಳು ಮುಖ ಸರಿಯಾಗಿದ್ದವು. ಒಂದು ಮುಖ ಬಾತು ಹೋಗಿತ್ತು. ಯಾರನ್ನು ಮುಟ್ಟಬೇಕೆಂದು ಬೇರೆ ಹೇಳಬೇಕಾಗಿರಲಿಲ್ಲ. ಶಾಬುದ್ದೀನ ನನ್ನತ್ತ ನೋಡಲೇ ಇಲ್ಲ.

ಒಂದು ಕ್ಷಣ ಮುರಿಗೆವ್ವ ಚಹಾ ಕುಡಿದದ್ದು ನೆನಪಾಯಿತು. ಒಂದೇ ಕ್ಷಣ. ಆದರೂ...

"ಈ ಸಾಲಿನ್ಯಾಗ ಅವ ಇಲ್ರಿ" ಎಂದೆ.

"ಸರಿಯಾಗಿ ನೋಡ್ರಿ ಬಾಯಾರ" ಎಂದರು ಫೌಜದಾರರು.

"ನೋಡೇನ್ರಿ. ಇಲ್ಲ."

ಹೊರಗೆ ಶಿದ್ದಪ್ಪ ನನ್ನ ಕಾಲ ಬಳಿ ಉಗುಳಿದ. ತಾಯಿ ಸತ್ತವನು, ಏನೆನ್ನಲಿ.

೧೯ ಏಪ್ರಿಲ್

ಬರೆಯುವ ಮನಸ್ಸಿರಲಿಲ್ಲ. ಓಣಿಯಲ್ಲಿ ಯಾರೂ ಮಾತಾಡುವುದಿಲ್ಲ. ನಲ್ಲಿಗೆ ಹೋದರೆ ಎಲ್ಲರೂ ಕೊಡ ಎತ್ತಿಕೊಳ್ಳುತ್ತಾರೆ.

ಶಾಬುದ್ದೀನನನ್ನು ಬಿಡಲಿಲ್ಲ. ಬೇರೆ ಸಾಕ್ಷಿ ಸಿಕ್ಕಿತಂತೆ — ಮುರಿಗೆವ್ವ. ಆ ಮಧ್ಯಾಹ್ನ ಅವರು ಊರಲ್ಲೇ ಇರಲಿಲ್ಲ. ಫೌಜದಾರರಿಗೆ ಹೇಳಿದೆ. "ನಿಮ್ಮ ಕೆಲಸ ಮುಗೀತು" ಎಂದರು.

ನಿನ್ನೆ ಶಾಬುದ್ದೀನ ಪೊಲೀಸರ ವಶದಲ್ಲೇ ಸತ್ತ. ನಿಮೋನಿಯಾ ಎಂದು ಬರೆದರಂತೆ.

ಇವತ್ತು ಅವನ ಹೆಂಡತಿ ಚಾಂದಬಿ ಬಂದಿದ್ದಳು. ಒಳಗೆ ಕರೆದೆ, ಬರಲಿಲ್ಲ. "ನೀವು ಒಬ್ಬರ ಇಲ್ಲ ಅಂದ್ರಂತ. ಮತ್ತ ಯಾಕ ಬಿಡಲಿಲ್ರಿ ಅಕ್ಕೋರ?"



೨ ಮೇ

ಕೊಲೆಗಳು ನಿಂತಿವೆ. ಹಾಗಾದರೆ ಶಾಬುದ್ದೀನನೇ ಎಂದು ಓಣಿಯ ತೀರ್ಪು. ಸಾಲೆಯಲ್ಲಿ ಕೂಡ.

೨೦ ಮೇ

ಧಾರವಾಡದಲ್ಲಿ ಇನ್ನೊಬ್ಬಳು. ನಡುಹಗಲು. ಪಕ್ಕದಲ್ಲಿ ತಂಬಿಗೆ.

ಓಣಿ ತಣ್ಣಗಿದೆ. ಯಾರೂ ಏನೂ ಅನ್ನುತ್ತಿಲ್ಲ. ಮುರಿಗೆವ್ವನ ಬಾಗಿಲು ದಿನವಿಡೀ ಹಾಕಿತ್ತು.

೧೨ ಜೂನ್, ಸಂಜೆ

ಗದಗಿನಲ್ಲಿ ಬಂಗಾರ ಮಾರಲು ಹೋಗಿ ಒಬ್ಬ ಸಿಕ್ಕಿಬಿದ್ದ. ಮತ್ತೆ ಕರೆಸಿದರು. ಮತ್ತೆ ಎಂಟು ಮಂದಿ. ಮೂರನೆಯವನು. ಹರಿದ ಕಿವಿ. ಹೋಗಿ ಹೆಗಲು ಮುಟ್ಟಿದೆ.

ಕೇಳಬಾರದಿತ್ತು, ಕೇಳಿದೆ. "ನನ್ನನ್ನ ಯಾಕ ಬಿಟ್ಟಿ?"

ಅವನಿಗೆ ಆಶ್ಚರ್ಯವೇ ಆಯಿತು. "ನಿಮ್ಮ ಮೈಮ್ಯಾಲೆ ಏನಿತ್ರಿ, ಅಕ್ಕಾರ?"

ಅಷ್ಟೇ. ಮೂರು ತಿಂಗಳಿಂದ, ಮನಸ್ಸಿನ ಯಾವುದೋ ಮೂಲೆಯಲ್ಲಿ, ನಾನು ಏನೆಂದುಕೊಂಡಿದ್ದೆ? ನೀರಿನ ಋಣ ಎಂದೇ?

ಹೊರಡುವಾಗ ಫೌಜದಾರರು ಎದ್ದು ನಿಂತರು. "ನಿಮ್ಮದ ಖರೇ ಆತು ನೋಡ್ರಿ" ಎಂದರು. ಶಾಬುದ್ದೀನನ ಹೆಸರೆತ್ತಿದೆ. ಮೇಜಿನ ಮೇಲಿನ ಕಾಗದ ಸರಿಪಡಿಸಿದರು.

ಚಾಂದಬಿಗೆ ಇನ್ನೂ ಯಾರೂ ಹೇಳಿಲ್ಲವಂತೆ. ನಾನೇ ಹೋಗಬೇಕು. ನಾಳೆ ಸಾಲೆ ಬಿಟ್ಟ ಮೇಲೆ. ಹೋಗಿ, ಅವಳ ಎದುರು ಕೂತು, ನಿನ್ನ ಗಂಡ ಅಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯಿತು ತಾಯಿ ಎಂದು —