ಮೇಜಿನ ಮೇಲೆ ಒಂದು ಪೆಟ್ಟು

ಆಲ್ದೂರು
2-11-2025, ಭಾನುವಾರ

ಪ್ರೀತಿಯ ಪುಟ್ಟಿ ಕೃತಿಕಾ,

ಹೇಗಿದ್ದೀಯೆ ಕಂದಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಜೊತೆ ರೂಮಿನಲ್ಲಿರುವ ಶಿಲ್ಪಾಳ ಕೆಮ್ಮು ಹೋಯಿತೇ? ಪೀಜಿ ನಡೆಸುವ ಸರೋಜಮ್ಮನವರ ಮಂಡಿನೋವು ಹೇಗಿದೆ? ಆ ಮಂಗಳೂರಿನ ಸೆಕೆಯಲ್ಲಿ ನಿಮಗೆಲ್ಲ ಬೇಯಿಸಿ ಹಾಕುವ ಪುಣ್ಯಾತ್ಗಿತ್ತಿ, ನನ್ನ ನಮಸ್ಕಾರ ಹೇಳು. ಇಲ್ಲಿ ನಿನ್ನಮ್ಮ ಪ್ರೇಮಕುಮಾರಿಗೆ ಶೀತ. ನಿನ್ನಪ್ಪ ಮಲ್ಲೇಶನಿಗೆ ಸಿಟ್ಟು. ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಮಳೆ ಹಿಡಿದುಕೊಂಡು ಅವನ ಅಂಗಡಿಗೆ ಕಾಫಿ ಮಾರಲು ತರುವವರೇ ಇಲ್ಲ. ನಾನು ಗಟ್ಟಿಯಾಗಿದ್ದೇನೆ. ದಿನಸಿ ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳ ಬರಹ ಇದು, ನಿಧಾನಕ್ಕೆ ಓದು.

ಮೊನ್ನೆ ನೀನು ಫೋನಿನಲ್ಲಿ ಅತ್ತದ್ದು ನನಗೂ ಕೇಳಿಸಿತು. ಸಂಜೆ ಓದಲು ಕೂತರೆ ಬೆನ್ನ ಹಿಂದೆ ಯಾರೋ ಕ್ಯಾಲ್ಕುಲೇಟರ್ ಒತ್ತುತ್ತಾರೆ, ನೀನು ಪೆನ್ನು ಕೆಳಗಿಟ್ಟರೂ ನಿಲ್ಲಿಸುವುದಿಲ್ಲ, ಶಿಲ್ಪಾಳಿಗೆ ಮಾತ್ರ ಏನೂ ಕೇಳುವುದಿಲ್ಲ ಎಂದೆ. ನಿನ್ನಪ್ಪ "ಓದಿ ಓದಿ ತಲೆ ಕೆಟ್ಟಿದೆ ಇದಕ್ಕೆ. ಸಿಎನೂ ಬೇಡ, ಗಿಎನೂ ಬೇಡ, ತಿಂಗಳ ಕೊನೆಗೆ ಹೋಗಿ ಕರ್ಕೊಂಡ್ ಬರ್ತೀನಿ" ಎಂದು ಕೂಗಾಡಿದ. ಅದು ಭಯದ ಕೂಗಾಟ ಪುಟ್ಟಿ. ನಿನ್ನ ಚಿಕ್ಕಪ್ಪ ಶಶಿಕಿರಣ್ ಇದೇ ಪರೀಕ್ಷೆಗೆ ಓದುತ್ತಿರುವಾಗಲೇ ಕಾಮಾಲೆಯಾಗಿ ಹೋದ. ಒಂದು ಗ್ರೂಪ್ ಪಾಸಾಗಿತ್ತು, ಇನ್ನೊಂದಕ್ಕೆ ಹಾಲ್ ಟಿಕೆಟ್ ಬಂದಿತ್ತು. ನೀನಾಗ ತೊಟ್ಟಿಲಲ್ಲಿದ್ದೆ.

ಅವನು ಅಟ್ಟದ ಕೋಣೆಯಲ್ಲಿ ಕೂತು ಕ್ಯಾಲ್ಕುಲೇಟರ್ ಒತ್ತಿ ಲೆಕ್ಕ ಮಾಡುವ ಸದ್ದು ಕೆಳಗೆ ಅಡಿಗೆಮನೆಗೆ ಕೇಳುತ್ತಿತ್ತು. ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ಒಂದೇ ಬಂದರೆ ಅಂಗೈಯಿಂದ ಮೇಜಿಗೆ ಒಂದು ಪೆಟ್ಟು. ಆ ಪೆಟ್ಟು ಬಿದ್ದ ಮೇಲೆಯೇ ನಾನು ಕಾಫಿ ಬೆರೆಸುತ್ತಿದ್ದದ್ದು. ಸರಿ ಬಾರದ ದಿನ ಎಷ್ಟು ಕೂಗಿದರೂ ಇಳಿಯುತ್ತಿರಲಿಲ್ಲ. "ತಡಿಯಮ್ಮ, ಇದೇನು ಅಣ್ಣನ ಅಂಗಡಿ ಲೆಕ್ಕವಾ, ಕೊನೆಗೆ ಇತರೆ ಖರ್ಚು ಅಂತ ಬರೆದು ಸರಿ ಮಾಡಕ್ಕೆ!" ಎನ್ನುತ್ತಿದ್ದ. ನಿನ್ನಪ್ಪ ಕೆಳಗಿನಿಂದ ಬೈಯುತ್ತಿದ್ದ, ನಗುತ್ತಲೇ.

ಈ ಪೆಟ್ಟಿನ ವಿಷಯ ನಿನಗೆ ಯಾರೂ ಹೇಳಿಲ್ಲ. ಅವನು ಹೋದ ಮೇಲೆ ಈ ಮನೆಯಲ್ಲಿ ಅವನ ಮಾತೇ ಎತ್ತುವುದಿಲ್ಲ. ಆದರೂ ಮೊನ್ನೆ ಕೊನೆಗೆ ನೀನು, "ಲೆಕ್ಕ ಸರಿ ಬಂದಾಗ ಮೇಜಿಗೆ ಯಾರೋ ಹೊಡೀತಾರೆ ಅಪ್ಪಾ" ಎಂದೆಯಲ್ಲ, ನಿನ್ನಪ್ಪನ ಮುಖ ಬಿಳಿಚಿಕೊಂಡಿತು. ಫೋನನ್ನು ನನ್ನ ಕೈಗೂ ಕೊಡದೆ ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ನಿನ್ನ ತಲೆ ಕೆಟ್ಟಿಲ್ಲ. ಪುಸ್ತಕ ಮುಚ್ಚಬೇಡ, ನಿನ್ನಪ್ಪನನ್ನು ಇಲ್ಲಿ ನಾನು ಹಿಡಿದುಕೊಳ್ಳುತ್ತೇನೆ.

ಕುಡಿದ ನೀರು ನಿನಗೆ ಹಾಲಾಗಲಿ, ಓದಿದ್ದು ಕೈಗೆ ಬರಲಿ. ಶಿಲ್ಪಾಳಿಗೂ ನನ್ನ ಆಶೀರ್ವಾದ.

ನಿನ್ನ ಅಜ್ಜಿ,
ವಿಶಾಲಾಕ್ಷಮ್ಮ

ತಾ.ಕ.: ನಿನ್ನ ಚಿಕ್ಕಪ್ಪನನ್ನು ಅಲ್ಲಿಗೆ ಕಳಿಸಿದ್ದು ನಾನೇ ಪುಟ್ಟಿ. ದೀಪಾವಳಿಗೆ ಹಿರಿಯರಿಗೆ ಎಡೆ ಇಟ್ಟಾಗ ಅವನ ಎಲೆಯ ಮುಂದೆ ಕೂತು, "ಅಣ್ಣನ ಮಗಳು ಒಬ್ಬಳೇ ಓದ್ತಿದಾಳೆ, ಹೋಗಿ ಪಕ್ಕದಲ್ಲಿ ಕೂತ್ಕೋ ಮಗಾ" ಎಂದುಬಿಟ್ಟೆ. ತೀರಿಹೋದವರನ್ನು ಊಟಕ್ಕೆ ಕರೆಯಬೇಕು, ಕೆಲಸಕ್ಕೆ ಕಳಿಸಬಾರದು. ಇಷ್ಟು ವರ್ಷವೂ ಸಂಜೆಯಾದರೆ ಅಟ್ಟದಲ್ಲಿ ಆ ಸದ್ದು ನನಗೊಬ್ಬಳಿಗೆ ಕೇಳುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹಬ್ಬದ ಮಾರನೆಯ ದಿನದಿಂದ ಇಲ್ಲ. ನಿನಗೆ ಭಯವಾದರೆ ಗದರಬೇಡ. "ಚಿಕ್ಕಪ್ಪಾ, ಅಜ್ಜಿ ಕಾಫಿ ಬೆರೆಸಿದಾರೆ, ಆರ್ತದಂತೆ, ನೀವು ಬರ್ಬೇಕಂತೆ" ಅನ್ನು. ಎದ್ದು ಬರುತ್ತಾನೆ. ಭಯವಿಲ್ಲದಿದ್ದರೆ ಜನವರಿಯವರೆಗೆ ಇರಲಿ, ನಿನ್ನ ಜೊತೆ ಅವನೂ ಒಂದು ಸಲ ಪರೀಕ್ಷೆಗೆ ಕೂತು ಮುಗಿಸಲಿ. ಆದರೆ ಊರಿಗೆ ಹೊರಡುವಾಗ ಕರೆದು, ಬಸ್ಸು ಹತ್ತಿಸಿಕೊಂಡೇ ಬಾ. ಅಲ್ಲಿ ಬಿಟ್ಟು ಬರಬೇಡ. ಅವನು ಅಲ್ಲೇ ಇರುತ್ತಾನೋ ಇಲ್ಲಿಗೆ ಬರುತ್ತಾನೋ ಬೇಗ ಬರೆ. ಸಂಜೆ ಕಾಫಿ ಬೆರೆಸಬೇಕೋ ಬೇಡವೋ ತಿಳಿಯದೆ ಕೂತಿದ್ದೇನೆ.