ಸಗರದ ಬಾಂದುಕಲ್ಲು

ಅಪ್ಪಾ,

ಶಾಲೆ ಬಿಟ್ಟು ಕಲಿತ ಕೆಲಸವನ್ನು ನಾನಿನ್ನೂ ಬಿಟ್ಟಿಲ್ಲ. ಹಳೆಯ ಸರ್ವೆ ನಕಾಶೆಯನ್ನು ಫೋನಿನ ನಕಾಶೆಗೆ ಹೊಂದಿಸಲು ನಾನು ಬರೆದ ಪ್ರೋಗ್ರಾಮಿನಲ್ಲಿ ಇವತ್ತು ನನ್ನದೇ ತಪ್ಪು ಸಿಕ್ಕಿತು. ಹಳೆಯ ಅಳತೆಗಾರರು ಭೂಮಿಯ ಆಕಾರವನ್ನು ಬೇರೆ ಲೆಕ್ಕದಲ್ಲಿ ಹಿಡಿದಿದ್ದರು. ಆ ವ್ಯತ್ಯಾಸ ಸೇರಿಸುವ ಸಾಲನ್ನೇ ನಾನು ಬಿಟ್ಟಿದ್ದೆ. ಸೇರಿಸಿದ ಕೂಡಲೇ ಹೊಲದ ಗಡಿಗೆರೆ ಸರಿದು, ನೀನು ನೆಟ್ಟ ಬಾಂದುಕಲ್ಲಿನ ಮೇಲೆ ಬಂದು ಕೂತಿತು.

ಅವತ್ತು ಸಗರದ ಹೊಲದಲ್ಲಿ, ಮಂದಿಯ ಮುಂದೆ, "ನೀ ಕಲ್ಲ ತಪ್ಪ ನೆಟ್ಟಿ, ನಕಾಶಿ ಸುಳ್ಳ ಹೇಳಂಗಿಲ್ಲ" ಅಂದಿದ್ದೆ.

"ಮೂವತ್ತ ವರ್ಷ ಅಳತಿ ಸರಪಳಿ ಎಳದೇನವ್ವಾ. ನಿನ್ನ ಫೋನೇ ದಾರಿ ತಪ್ಪೈತಿ ನೋಡು" ಎಂದು ನಕ್ಕೆ ನೀನು. ಆಮೇಲೆ ಸಾಯುವವರೆಗೂ ಸರಪಳಿ ಮುಟ್ಟಲಿಲ್ಲ.

ಪ್ರೋಗ್ರಾಮಿನ ಕೈಪಿಡಿಯಲ್ಲಿ ಈ ತಪ್ಪಿನ ಬಗ್ಗೆ ಎಚ್ಚರಿಕೆ ಬರೆದೆ. ತಪ್ಪನ್ನು ಮೊದಲು ತಿಳಿಸಿದವರ ಹೆಸರು ಕೆಳಗೆ ಹಾಕುವುದು ನಮ್ಮ ರೂಢಿ. ನಿನ್ನ ಹೆಸರನ್ನೇ, ಅಂಬ್ರಪ್ಪ, ಸಗರ ಎಂದು ಹಾಕಿದೆ. ತಿಳಿಸಿದ ದಿನದ ಜಾಗದಲ್ಲಿ, ಹೊಲದಲ್ಲಿ ನೀನು ನಕ್ಕ ಆ ದಿನವನ್ನೇ ಬರೆದೆ.

ಪಂಚಶೀಲಾ